ತೂತಿನೊಂದಿಗೆ ಹುಟ್ಟಿದ ಬಟ್ಟಲು

೧೯೯೭ರ ಏಪ್ರಿಲ್ ಹದಿಮೂರನೇ ತಾರೀಖು, ಭಾನುವಾರ. ಬೆಳಗ್ಗೆ ಒಂಬತ್ತೂ ಕಾಲಿಗೆ ಮೇರಿಲ್ಯಾಂಡಿನ ಜರ್ಮನ್‌ಟೌನ್ ಪೊಲೀಸ್ ಠಾಣೆಗೆ ಅರವತ್ತಮೂರು ವರ್ಷದ ಜಪಾನಿ ಹೆಂಗಸೊಬ್ಬರು ಬಂದರು. ಹೆಸರು ಚಿಯೋ ಮಾತ್ಸುಗಿ. ಕೈಯಲ್ಲಿ ಗೇಣುದ್ದದ ಮರದ ಪೆಟ್ಟಿಗೆ ಇತ್ತು. ಅದನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದರು. ಒಳಗೆ ಹಳದಿ ಬಟ್ಟೆ ಬಿಟ್ಟರೆ ಏನೂ ಇರಲಿಲ್ಲ.

ಕೌಂಟರಿನಲ್ಲಿದ್ದವನು ಆಫೀಸರ್ ರಘುಪತಿ ಶೆಟ್ಟಿಗಾರ್. ಹತ್ತು ವರ್ಷದವನಿದ್ದಾಗ ಉಡುಪಿ ಕಡೆಯಿಂದ ಅಪ್ಪ ಅಮ್ಮನ ಜೊತೆ ಬಂದವನು, ಈಗ ಇಪ್ಪತ್ತೆಂಟು. ಠಾಣೆಯಲ್ಲಿ ಅವನಿಗೆ ‘ರೇ’ ಎಂದೇ ಹೆಸರು. ಪೆಟ್ಟಿಗೆ ಅಂತೂ ಉಳಿದಿದೆಯಲ್ಲ ಎಂದು ತಮಾಷೆ ಮಾಡಲು ಹೊರಟವನು ಆಕೆಯ ಮುಖ ನೋಡಿ ಬಾಯಿ ಮುಚ್ಚಿಕೊಂಡು ಫಾರಂ ತೆಗೆದ. ನಮ್ಮಲ್ಲಿ ಎಫ್‌ಐಆರ್ ಅನ್ನುತ್ತೇವಲ್ಲ, ಅದಕ್ಕೆ ಇಲ್ಲಿಯವರು ಇನ್ಸಿಡೆಂಟ್ ರಿಪೋರ್ಟ್ ಅನ್ನುತ್ತಾರೆ. ಹೆಸರು ಬೇರೆ, ಕೇಳುವ ಪ್ರಶ್ನೆ ಅವೇ.

“ಏನು ಕಳವಾಗಿದೆ?”

“ಒಂದು ಬಟ್ಟಲು. ಪಿಂಗಾಣಿ. ಸಾಕೆ ಕುಡಿಯೋದು.”

ಸಾಕೆ ಅಂದರೆ ಜಪಾನಿನ ಅಕ್ಕಿ ಹೆಂಡ.

“ಗುರುತು ಏನಾದ್ರೂ?”

“ತಳದಲ್ಲಿ ತೂತಿದೆ.”

ರಘುಪತಿ ಪೆನ್ನು ನಿಲ್ಲಿಸಿದ. “ಅಂದ್ರೆ ಒಡೆದದ್ದಾ?”

“ಇಲ್ಲ,” ಎಂದರು ಚಿಯೋ, ಇದೇ ಪ್ರಶ್ನೆಗೆ ಜೀವಮಾನವಿಡೀ ಉತ್ತರ ಕೊಟ್ಟವರ ತಾಳ್ಮೆಯಿಂದ. “ಅದು ಇರೋದೇ ಹಾಗೆ.”

ಹತ್ತು ಗಂಟೆಗೆ ಕೇಸು ಡಿಟೆಕ್ಟಿವ್ ಲೊರೇನ್ ಟಟಲ್ ಕೈಗೆ ಬಂತು. ನಮ್ಮ ಲೆಕ್ಕದಲ್ಲಿ ಇನ್ಸ್‌ಪೆಕ್ಟರ್ ಅನ್ನಿ. ಸೌತ್ ಕೆರೊಲಿನಾದ ಕಪ್ಪು ಹೆಣ್ಣುಮಗಳು, ಐವತ್ತು ದಾಟಿದವರು. ಎದುರಿಗಿದ್ದವರು ಮಾತು ಮುಗಿಸಿದ ಮೇಲೂ ಒಂದು ಉಸಿರು ಕಾಯುವ ಅಭ್ಯಾಸ ಅವರಿಗೆ. ಆ ಉಸಿರಿನಲ್ಲಿ ಜನ ಇನ್ನೊಂದು ಮಾತು ಆಡಿಬಿಡುತ್ತಾರೆ ಎಂಬುದು ಮೂವತ್ತು ವರ್ಷದ ಅನುಭವ.

ಚಿಯೋ ಕೂಡ ಆಡಿದರು. ಅವರ ತಂದೆ ಅರಿತಾ ಎಂಬ ಊರಿನಲ್ಲಿ ಕುಂಬಾರರು. ಅಲ್ಲಿ ಪಿಂಗಾಣಿಗೆ ಮಣ್ಣು ಅಗೆಯುವುದಲ್ಲ, ಬಿಳಿ ಕಲ್ಲನ್ನು ಕುಟ್ಟಿ ಹಿಟ್ಟು ಮಾಡಿ ನೀರಿನಲ್ಲಿ ಸೋಸಿ ಕಲಸುವುದು. ತೂತಿನ ಬಟ್ಟಲು ಕುಡುಕರ ಚೇಷ್ಟೆಗೆ ಹುಟ್ಟಿದ್ದು. ತಳದ ತೂತಿಗೆ ಬೆರಳು ಒತ್ತಿ ಹಿಡಿದಿರಬೇಕು, ಪೂರ್ತಿ ಕುಡಿದು ಮುಗಿಸುವ ತನಕ ಕೆಳಗಿಡುವ ಹಾಗಿಲ್ಲ.

“ಚೇಷ್ಟೆಯ ವಸ್ತು, ಆದರೆ ಮಾಡೋದು ಕಷ್ಟ. ಹಸಿ ಇರುವಾಗಲೇ ಬಿದಿರು ಕಡ್ಡಿಯಿಂದ ತೂತು ಮಾಡಬೇಕು. ಬೆಂಕಿಯಲ್ಲಿ ಬಟ್ಟಲು ಕುಗ್ಗುತ್ತೆ, ತೂತೂ ಕುಗ್ಗುತ್ತೆ, ಅದಕ್ಕೆ ಸ್ವಲ್ಪ ದೊಡ್ಡದು ಮಾಡಬೇಕು. ಆಮೇಲೆ ಮೆರುಗಿನ ನೀರಲ್ಲಿ ಅದ್ದಿದಾಗ ತೂತು ಮುಚ್ಚಿಬಿಡುತ್ತೆ. ಆಗ ಬಾಯಿಟ್ಟು ಊದಬೇಕು. ಅಪ್ಪ ಕೊನೆಯ ಚಳಿಗಾಲದಲ್ಲಿ ಹತ್ತು ಮಾಡಿದರು. ಊದೋಕೆ ಅವರಿಗೆ ಉಸಿರು ಸಾಲುತ್ತಿರಲಿಲ್ಲ. ಒಂಬತ್ತು ಮುಚ್ಚಿಹೋದವು.”

ಟಟಲ್ ಒಂದು ಉಸಿರು ಕಾದರು.

“ಇದರಲ್ಲಿ ಮಾತ್ರ ಅವರ ಉಸಿರು ಹಾದುಹೋಗಿದೆ,” ಎಂದರು ಚಿಯೋ. “ನನಗೆ ಅದು ಬೇಕು.”

*

ಸ್ಥಳ ಪಂಚನಾಮೆ ಹನ್ನೊಂದೂ ಹತ್ತಕ್ಕೆ ಶುರುವಾಯಿತು. ಜಾಗ ಹಾಲೋ ಕ್ರೀಕ್ ಕಲಾಕೇಂದ್ರ. ಉದ್ದ ಕಾರಿಡಾರು, ಅದರಲ್ಲಿ ಜಪಾನಿ ಪಿಂಗಾಣಿಯ ಪ್ರದರ್ಶನ. ಚಿಯೋ ಪ್ರದರ್ಶನಕ್ಕೆಂದು ಕೊಟ್ಟಿದ್ದ ಬಟ್ಟಲೂ ಅಲ್ಲಿತ್ತು, ಅದರ ಕೆಳಗೆ ‘ಸಾಕೆ ಕುಡಿಯುವ ಬಟ್ಟಲು’ ಎಂಬ ಚೀಟಿ. ಪಕ್ಕದ ದೊಡ್ಡ ಹಾಲನ್ನು ಶನಿವಾರ ಕನ್ನಡ ಸಂಘದವರು ಯುಗಾದಿಗೆ ಬಾಡಿಗೆ ಹಿಡಿದಿದ್ದರು. ಮುನ್ನೂರು ಜನ, ಒಬ್ಬಟ್ಟಿನ ಊಟ, ಮಕ್ಕಳ ಫ್ಯಾನ್ಸಿ ಡ್ರೆಸ್. ಸಂಜೆ ಐದೂ ಕಾಲಿಗೆ ಬೀಗ ಹಾಕಲು ಬಂದ ಮೇಲ್ವಿಚಾರಕ ಫೆನ್ವಿಕ್ ನೋಡಿದಾಗ ಬಟ್ಟಲಿರಲಿಲ್ಲ.

ಗಾಜಿನ ಕಪಾಟು ಒಡೆದಿರಲಿಲ್ಲ. ಕೀಲಿ ಕಪಾಟಿನ ಕೆಳಗಿನ ಡ್ರಾಯರಿನಲ್ಲೇ ಇರುತ್ತಿತ್ತಂತೆ.

“ಯಾರಿಗೆ ಗೊತ್ತಿತ್ತು?” ಟಟಲ್ ಕೇಳಿದರು.

“ಕೇಳಿದವರಿಗೆಲ್ಲ ತೆಗೆದು ತೋರಿಸಿದ್ದೇನೆ,” ಎಂದ ಫೆನ್ವಿಕ್, ಕೆಂಪಾಗಿ.

ಬಟ್ಟಲಿದ್ದ ಜಾಗದಲ್ಲಿ ಒಂದು ಗುಂಡನೆಯ ಕಂದು ಬೀಜ, ಸುತ್ತ ಏಳೆಂಟು ಅಕ್ಕಿಕಾಳು. ಅಕ್ಕಿಗೆ ಹಳದಿ ಬಣ್ಣ. ಟಟಲ್ ಚಿಮಟದಲ್ಲಿ ಎತ್ತಿ ಲಕೋಟೆಗೆ ಹಾಕುತ್ತಿದ್ದಾಗ ರಘುಪತಿ ಬಗ್ಗಿ ನೋಡಿದ.

“ಅದು ಅಡಿಕೆ, ಮೇಡಮ್. ಅಕ್ಕಿ ಪೂಜೆಯದ್ದು. ಅಕ್ಷತೆ ಅಂತ ಹೇಳ್ತಾರೆ.”

“ಪಕ್ಕದ ಹಾಲಿಂದ ಬಿದ್ದಿದ್ದಾ?”

“ಬೀಗ ಹಾಕಿದ ಕಪಾಟಿನ ಒಳಗೆ ಬೀಳುವುದಿಲ್ಲ. ಇಟ್ಟದ್ದು. ದೊಡ್ಡವರನ್ನು ಕರೀಲಿಕ್ಕೆ ಹೋದಾಗ ಹೀಗೆ ಕೊಡುವುದು. ನಮ್ಮ ಮನೆಗೆ ಬನ್ನಿ ಅಂತ.”

“ಕಳ್ಳ ಬಟ್ಟಲನ್ನ ಮನೆಗೆ ಕರೆದನಾ?”

“ಹಾಗೇ ಕಾಣ್ತದೆ.”

ಗಾಜಿನ ಮೇಲೆ ಬೆರಳಚ್ಚುಗಳಿಗೇನು ಬರವಿರಲಿಲ್ಲ, ಒಬ್ಬಟ್ಟಿನ ತುಪ್ಪದ ಸಮೇತ ಐವತ್ತು ಜನರವು ಒಂದರ ಮೇಲೊಂದು ಬಿದ್ದಿದ್ದವು. ಅದರಿಂದ ಕೆಲಸ ಆಗಲಿಲ್ಲ. ಕೆಲಸಕ್ಕೆ ಬಂದದ್ದು ಮಂಗಳವಾರ ಮಧ್ಯಾಹ್ನ ಕೈಗೆ ಸಿಕ್ಕ ಅಭಿಪ್ರಾಯದ ಪುಸ್ತಕ. ಶನಿವಾರದ ಪುಟದಲ್ಲಿ ‘ಬ್ಯೂಟಿಫುಲ್’, ‘ನೈಸ್ ಕಲೆಕ್ಷನ್’ಗಳ ನಡುವೆ ದುಂಡಗೆ ಬರೆದ ಎರಡು ಸಾಲು. ಫೆನ್ವಿಕ್ ಅದನ್ನು ಜಪಾನಿ ಅಂದುಕೊಂಡು, ಯಾರೋ ಜಪಾನಿನವರು ಮೆಚ್ಚಿ ಬರೆದಿದ್ದಾರೆಂದು ಖುಷಿಪಟ್ಟಿದ್ದ. ಚಿಯೋ ನೋಡಿ ತಲೆಯಾಡಿಸಿದ್ದರು: ನಮ್ಮದಲ್ಲ.

ರಘುಪತಿ ಪುಸ್ತಕವನ್ನು ಎಳೆದುಕೊಂಡ. ನಾಲ್ಕನೇ ಕ್ಲಾಸಿಗೆ ನಿಂತುಹೋದ ಕನ್ನಡ. ತುಟಿ ಅಲ್ಲಾಡಿಸುತ್ತ ಓದಿದ.

‘ಇದು ಕುಡಿಯುವ ಬಟ್ಟಲಲ್ಲ. ಗಳಿಗೆ ಬಟ್ಟಲು. ದಯವಿಟ್ಟು ಚೀಟಿ ತಿದ್ದುವುದು.’

“ಏನಂತೆ?” ಟಟಲ್ ಕೇಳಿದರು.

“ಓದಲಿಕ್ಕೆ ಬಂತು. ಅರ್ಥ ಆಗ್ಲಿಲ್ಲ.”

ಆ ಸಂಜೆ ಅವನು ನಾರ್ತ್ ಕೆರೊಲಿನಾಕ್ಕೆ ಫೋನು ಮಾಡಿದ. ಅವನ ತಾಯಿ, ಹೆಸರು ಬೇಬಿ, ಅಲ್ಲಿನ ರಿಸರ್ಚ್ ಟ್ರಯಾಂಗಲ್ ಪಾರ್ಕಿನ ಕಂಪನಿಯೊಂದರ ಕ್ಯಾಂಟೀನಿನಲ್ಲಿ ಕೆಲಸ ಮಾಡುವವರು.

“ಅಮ್ಮ, ಗಳಿಗೆ ಬಟ್ಟಲು ಅಂದ್ರೆ ಎಂತ?”

“ಎಂತದಾ, ಮದುವೆ ನಿಶ್ಚಯ ಮಾಡಿಕೊಂಡ್ಯಾ? ನನ್ನತ್ರ ಹೇಳದೆ?”

“ಇಲ್ಲ ಮಾರಾಯ್ತಿ. ಕೇಸು.”

“ಹಾಳಾದ ಕೇಸು. ಕೇಳು. ಗಡಿಯಾರ ಇಲ್ಲದ ಕಾಲದಲ್ಲಿ ಇದ್ದದ್ದು ಅದು. ತಾಮ್ರದ ಬಟ್ಟಲು, ಅಡಿಗೆ ಸಣ್ಣ ತೂತು. ಕೊಪ್ಪರಿಗೆ ನೀರಲ್ಲಿ ತೇಲಿ ಬಿಡುವುದು. ನೀರು ತುಂಬಿ ಮುಳುಗಿದ್ರೆ ಒಂದು ಗಳಿಗೆ ಆಯ್ತು, ಇಪ್ಪತ್ತನಾಲ್ಕು ನಿಮಿಷ. ಮತ್ತೆ ತೇಲಿ ಬಿಡುವುದು. ಹಾಗೆ ಲೆಕ್ಕ ಮಾಡಿ ಮುಹೂರ್ತಕ್ಕೆ ಸರಿಯಾಗಿ ತಾಳಿ ಕಟ್ಟುವುದು. ನನ್ನ ಅಜ್ಜಿ ಮದುವೆಗೆ ಇತ್ತಂತೆ. ನಿನ್ನ ಮದುವೆಗೆ ಬಟ್ಟಲು ಬೇಡ, ಹುಡುಗಿ ಒಬ್ಳು ಸಿಕ್ಕಿದ್ರೆ ಸಾಕು.”

ಮರುದಿನ ಟಟಲ್ ಇದನ್ನೆಲ್ಲ ಕೇಳಿ ಹಳದಿ ಕಾಗದದ ಮೇಲೆ ಒಂದೇ ಸಾಲು ಬರೆದರು: ‘ಯಾರ ಮನೆಯಲ್ಲಿ ಮದುವೆ?’

*

ಅದಕ್ಕೆ ಉತ್ತರ ಗುರುವಾರ ಹದಿನೇಳರಂದು ಸಿಕ್ಕಿತು. ಕನ್ನಡ ಸಂಘದ ಕಾರ್ಯದರ್ಶಿ ತ್ಯಾಗರಾಜ, ಆಫೀಸಿನ ಲಂಚ್ ಬ್ರೇಕಿನಲ್ಲಿ ಪಾರ್ಕಿಂಗ್ ಲಾಟಿನಲ್ಲೇ ನಿಂತು ರಘುಪತಿಯ ಜೊತೆ ಮಾತಾಡಿದರು.

“ಈ ಸಂಡೇ ಒಂದೇ ಮದುವೆ ಸಾರ್. ನಮ್ಮ ಮೈಥಿಲಿ ತಂಗಿ ಊರ್ಮಿಳಾದು. ಸೆಕೆಂಡ್ ಮ್ಯಾರೇಜು. ಪಾಪ, ಫಸ್ಟ್ ಹಸ್ಬೆಂಡ್ ಆಕ್ಸಿಡೆಂಟಲ್ಲಿ ಹೋಗ್ಬಿಟ್ರು. ಸಿಂಪಲ್ಲಾಗಿ ಮನೆ ಬ್ಯಾಕ್‌ಯಾರ್ಡಲ್ಲೇ ಮಾಡ್ತಿದಾರೆ.”

“ಮುಹೂರ್ತ ಇಟ್ಟವರು ಯಾರು?”

“ಅವರಪ್ಪಾನೇ. ಸೂರ್ಯನಾರಾಯಣ ಅಂಕಲ್. ಪಂಚಾಂಗ ಅಂದ್ರೆ ಪ್ರಾಣ. ಆದ್ರೆ ಪೊಲೀಸ್ನೋರು ಯಾಕೆ... ಅಯ್ಯೋ, ಅವರು ತುಂಬಾ ಜೆಂಟಲ್ಮನ್ ಸಾರ್. ಪಾರ್ಕಿಂಗ್ ಮೀಟರಿಗೆ ಟೈಮ್ ಉಳಿದಿದ್ರೆ ಪಕ್ಕದೋರಿಗೆ ಕರೆದು ಹೇಳ್ತಾರೆ!”

ಶನಿವಾರ ಹತ್ತೊಂಬತ್ತು, ಮಧ್ಯಾಹ್ನ ಎರಡು ಗಂಟೆ. ಮೈಥಿಲಿಯ ಮನೆ ಬಾಗಿಲಿಗೆ ಮಾವಿನೆಲೆ ಸಿಕ್ಕದೆ ಹಸಿರು ಕಾಗದದ ತೋರಣ ಕಟ್ಟಿದ್ದರು. ಸೂರ್ಯನಾರಾಯಣರು ಗ್ಯಾರೇಜಿನಲ್ಲಿ ಸ್ಟೂಲಿನ ಮೇಲೆ ಕೂತು ತೆಂಗಿನಕಾಯಿಗೆ ಅರಿಶಿನ ಹಚ್ಚುತ್ತಿದ್ದರು. ಎಪ್ಪತ್ತೊಂದು ವಯಸ್ಸು, ಸಪೂರ ಮೈ, ಮೈಸೂರಿನಲ್ಲಿ ತಾಲ್ಲೂಕು ಕಚೇರಿಯ ನಿವೃತ್ತ ಗುಮಾಸ್ತರು. ಯೂನಿಫಾರಂ ನೋಡಿ ಎದ್ದು ನಿಂತರು.

“ಅಂಕಲ್, ಪುಸ್ತಕದಲ್ಲಿ ಬರೆದದ್ದು ನೀವಾ?” ರಘುಪತಿ ಕೇಳಿದ.

“ಹೌದಪ್ಪ, ನಾನೇ. ಚೀಟಿ ತಿದ್ದಿದ್ರಾ?”

“ಬಟ್ಟಲು ನೀವು ಕದ್ದದ್ದಾ?”

ಮುದುಕರ ಮುಖ ಬಿಗಿಯಿತು. “ಕದಿಯೋ ಜನ ಅಲ್ಲ ನಾವು. ಕದ್ದಿಲ್ಲ.”

“ಕದ್ದಿಲ್ಲ ಅಂತಾರೆ,” ಎಂದು ರಘುಪತಿ ಭಾಷಾಂತರಿಸಿದ.

ಟಟಲ್ ಒಂದು ಉಸಿರು ಕಾದರು. ಮುದುಕರು ಮತ್ತೆ ತೆಂಗಿನಕಾಯಿಗೆ ಅರಿಶಿನ ಹಚ್ಚಲು ಕೂತರು. ಆದರೆ ಟಟಲ್‌ರ ಕಣ್ಣು ಅವರ ಹಿಂದಿನ ಶೆಲ್ಫಿನ ಮೇಲಿತ್ತು. ಅಲ್ಲಿ ಸಾಲಾಗಿ ನಾಲ್ಕು ಸ್ಟೀಲ್ ಬಟ್ಟಲು ಬೋರಲು ಬಿದ್ದಿದ್ದವು. ನಾಲ್ಕರ ತಳಕ್ಕೂ ಮೊಳೆ ಹೊಡೆದು ತೂತು ಮಾಡಿತ್ತು.

ಕಾರಿಗೆ ಬಂದ ಮೇಲೆ ಅವರು ಹೇಳಿದರು: “ರೇ, ಕದ್ದಿದ್ದೀರಾ ಅಂತ ಕೇಳಬಾರದಿತ್ತು. ತಗೊಂಡಿದ್ದೀರಾ ಅಂತ ಕೇಳಬೇಕಿತ್ತು. ಅಡಿಕೆ ಇಟ್ಟು ಕರೆದವನು ತಾನು ಕಳ್ಳ ಅಂದ್ಕೊಂಡಿರೋದಿಲ್ಲ.”

ಸಂಜೆ ಆರಕ್ಕೆ ನ್ಯಾಯಾಧೀಶರು ಸರ್ಚ್ ವಾರಂಟಿಗೂ ಅರೆಸ್ಟ್ ವಾರಂಟಿಗೂ ಸಹಿ ಹಾಕಿದರು.

“ಮದುವೆ ಆದ ಮೇಲೆ ಹೋಗುವನಾ ಮೇಡಮ್?” ರಘುಪತಿ ಮೆಲ್ಲಗೆ ಕೇಳಿದ.

“ಮದುವೆ ಆದ ಮೇಲೆ ಇನ್ನೂರು ಜನ, ಇನ್ನೂರು ಕಾರು. ಬಟ್ಟಲು ಒಂದೇ. ಆ ಹೆಂಗಸಿಗೆ ಮಾತು ಕೊಟ್ಟಿದ್ದೇನೆ. ಬೆಳಗ್ಗೆ ಹೋಗೋಣ.”

*

ಏಪ್ರಿಲ್ ಇಪ್ಪತ್ತು, ಭಾನುವಾರ, ಬೆಳಗ್ಗೆ ಏಳೂ ಐವತ್ತು. ಹಿತ್ತಲಿನ ಹುಲ್ಲಿನ ಮೇಲೆ ಚಪ್ಪರ ಎದ್ದಿತ್ತು. ಅದರಾಚೆ ಮೂಲೆಯಲ್ಲಿ ಸೂರ್ಯನಾರಾಯಣರು ಪಂಚೆ ಉಟ್ಟು ಮಣೆಯ ಮೇಲೆ ಕೂತಿದ್ದರು. ಎದುರಿಗೆ ಮಕ್ಕಳಿಗೆ ಸ್ನಾನ ಮಾಡಿಸುವ ಪ್ಲಾಸ್ಟಿಕ್ ಟಬ್ಬು. ತಳಕ್ಕೆ ನಾಲ್ಕು ಮಡಿಕೆ ಟವೆಲು ಹಾಸಿ ನೀರು ತುಂಬಿದ್ದರು. ನೀರಿನ ಮೇಲೆ ಬಿಳಿ ಬಟ್ಟಲು ತೇಲುತ್ತಿತ್ತು, ಹೊರಮೈಗೆ ನೀಲಿಯಲ್ಲಿ ಬರೆದ ಒಂದು ಹುಲ್ಲಿನ ಎಸಳು. ತಳದ ಸಾಸಿವೆ ಕಾಳಿನಷ್ಟು ತೂತಿನಿಂದ ನೀರು ಸಣ್ಣ ಬುಗ್ಗೆಯಾಗಿ ಏಳುತ್ತಿತ್ತು.

ಅವರು ತಲೆ ಎತ್ತಲಿಲ್ಲ. ಎಡಗೈ ಮಾತ್ರ ಎತ್ತಿ ತಡೆದರು. “ಇದೊಂದು ಮುಳುಗಲಿ ಸ್ವಾಮಿ.”

ರಘುಪತಿ ಟಟಲ್‌ರ ಕಡೆ ನೋಡಿದ. ಟಟಲ್ ನಿಂತರು.

ಬಟ್ಟಲಿನ ಅಂಚು ನೀರಿಗೆ ಸಮವಾಯಿತು. ಒಂದು ಕ್ಷಣ ಯೋಚಿಸುವಂತೆ ನಿಂತು, ಸದ್ದಿಲ್ಲದೆ ಮುಳುಗಿತು. ಮುದುಕರು ಕೈ ಹಾಕಿ ಎತ್ತಿದರು. ಅಭ್ಯಾಸಬಲದಿಂದ ಮತ್ತೆ ತೇಲಿಬಿಡಲು ಹೋದ ಕೈ ಅರ್ಧದಲ್ಲೇ ನಿಂತಿತು. ಪಂಚೆಯ ಸೆರಗಿನಲ್ಲಿ ಬಟ್ಟಲನ್ನು ಒರೆಸಿ ಎರಡೂ ಕೈಯಲ್ಲಿ ಟಟಲ್‌ರ ಮುಂದೆ ಹಿಡಿದರು.

“ಮೂರು ಗಳಿಗೆ, ಹದಿನಾಲ್ಕು,” ಎಂದರು, ಯಾರಿಗೋ ಜವಾಬ್ದಾರಿ ಒಪ್ಪಿಸುವವರ ಹಾಗೆ.

ಹೊರಗೆ ಕಾರಿನಲ್ಲಿ ಕಾದಿದ್ದ ಚಿಯೋ ಅವರನ್ನು ಗುರುತು ಹಿಡಿಯಲು ಕರೆತಂದರು. ಅವರು ಬಟ್ಟಲಿನ ಅಂಚಿನ ಸುತ್ತ ಹೆಬ್ಬೆರಳು ಓಡಿಸಿದರು, ತಿರುಗಿಸಿ ತಳ ನೋಡಿದರು, ತೂತನ್ನು ಬೆಳಕಿಗೆ ಹಿಡಿದರು. ಹೌದೆಂದು ತಲೆಯಾಡಿಸಿದರು. ರಘುಪತಿ ಸಮಯ ಬರೆದುಕೊಂಡ: ಏಳೂ ಐವತ್ತೇಳು.

ಅಷ್ಟರಲ್ಲಿ ಮನೆಯೊಳಗಿಂದ ಜನ ಹೊರಗೆ ಬಂದಿದ್ದರು. ಮೈಥಿಲಿ ಅಳುತ್ತಿದ್ದಳು. “ಅಪ್ಪಾ, ಹೆಂಡ ಕುಡಿಯೋ ಬಟ್ಟಲಪ್ಪ ಅದು! ಕೇಳಿದ್ರೆ ಸ್ಟೋರಿಂದ ಎಂಥ ಬಟ್ಟಲು ಬೇಕಾದ್ರೂ ತಂದುಕೊಡ್ತಿದ್ದೆವಲ್ಲ!”

“ನೀನೇ ತಂದುಕೊಟ್ಟಿದ್ದೆ ಕಣಮ್ಮ. ನಾಲ್ಕು. ಮೊಳೆ ಹೊಡೆದ ತೂತಿಗೆ ಒಂದು ಸಲ ಮುಳುಗಿದ ಹೊತ್ತಿಗೆ ಇನ್ನೊಂದು ಸಲ ಮುಳುಗಲಿಲ್ಲ. ತೂತು ಬಿದ್ದ ಪಾತ್ರೆ ಬೇರೆ. ತೂತಿನೊಂದಿಗೇ ಹುಟ್ಟಿದ ಪಾತ್ರೆ ಬೇರೆ.”

ರಘುಪತಿ ಇದನ್ನು ಇಂಗ್ಲಿಷಿಗೆ ತಿರುಗಿಸಿದಾಗ ಚಿಯೋ ಮೊದಲ ಸಲ ಮುದುಕರನ್ನು ನೇರವಾಗಿ ನೋಡಿದರು. “ಅವರಿಗೆ ಹೇಳಿ,” ಎಂದರು, “ಅವರು ಹೇಳಿದ್ದು ಸರಿ. ಆದರೂ ನಾನು ಅದನ್ನ ನೀರಲ್ಲಿ ಬಿಟ್ಟು ಹೋಗಲಾರೆ. ಕ್ಷಮಿಸಬೇಕು.”

ಮದುಮಗಳು ಊರ್ಮಿಳಾ ಎಣ್ಣೆ ಹಚ್ಚಿದ ತಲೆ, ಬರಿಗಾಲಲ್ಲಿ ಒದ್ದೆ ಹುಲ್ಲಿನ ಮೇಲೆ ನಡೆದು ಬಂದಳು. ಅವಳು ಅಳಲಿಲ್ಲ, ಪೊಲೀಸರ ಕಡೆ ನೋಡಲೂ ಇಲ್ಲ.

“ಒಂದು ಸಲ ಮುಳುಗೋಕೆ ಎಷ್ಟು ಹೊತ್ತು ಅಪ್ಪ?”

“ಎಪ್ಪತ್ತೆರಡು ಸೆಕೆಂಡು. ಇಪ್ಪತ್ತು ಸಲಕ್ಕೆ ಒಂದು ಗಳಿಗೆ.”

“ಎಷ್ಟು ಗಳಿಗೆಗೆ ಮುಹೂರ್ತ?”

“ಸೂರ್ಯೋದಯದಿಂದ ಹನ್ನೆರಡಕ್ಕೆ.”

ಅವಳು ಅಪ್ಪ ಎದ್ದ ಮಣೆಯ ಮೇಲೆ ಕೂತು ಟಬ್ಬಿನ ಖಾಲಿ ನೀರನ್ನು ನೋಡಿದಳು. “ಹದಿನಾಲ್ಕಾದ ಮೇಲೆ ನಾಲ್ಕು ಹೋಗಿರುತ್ತೆ. ಹತ್ತೊಂಬತ್ತರಿಂದ ನಾನು ಎಣಿಸ್ತೀನಿ. ನೀವು ಹೋಗಿ ಬನ್ನಿ.”

ತಲೆಗೂದಲು ಬಾಚಬೇಕು, ಹೂ ಮುಡಿಸಬೇಕು ಎಂದು ಯಾರೋ ಕೂಗಿದರು. “ಇಲ್ಲೇ ಮುಡಿಸಿ,” ಎಂದವಳು ಆಗಲೇ ತುಟಿಯೊಳಗೆ ಎಣಿಸಲು ಶುರು ಮಾಡಿದ್ದಳು.

ಕೈಗೆ ಬೇಡಿ ಹಾಕಲಿಲ್ಲ. ಅರೆಸ್ಟಿನ ಸಮಯ ಎಂಟೂ ಐದು.

*

ಠಾಣೆಯಲ್ಲಿ ಬೆರಳಚ್ಚು, ಫೋಟೋ ಎಲ್ಲ ಮುಗಿದು ಹತ್ತೂ ಕಾಲಿಗೆ ಹೇಳಿಕೆ ತೆಗೆದುಕೊಳ್ಳಲು ಕೂತರು. ಮಾತಾಡದೆ ಇರಲು ಹಕ್ಕಿದೆ, ವಕೀಲರನ್ನು ಕೇಳಬಹುದು ಎಂದು ರಘುಪತಿ ಓದಿ ಹೇಳಿದ. ಮುದುಕರು ಗಮನವಿಟ್ಟು ಕೇಳಿ, “ನಿನ್ನ ಕನ್ನಡ ಚೆನ್ನಾಗಿದೆ ಕಣಪ್ಪ, ಯಕ್ಷಗಾನ ಕೇಳಿದ ಹಾಗಾಗುತ್ತೆ,” ಎಂದರು. ಮಾತಾಡುತ್ತೇನೆ ಎಂದೂ ಹೇಳಿದರು.

“ಬಟ್ಟಲು ತಗೊಂಡಿದ್ದು ನೀವೇನಾ?” ಟಟಲ್ ಕೇಳಿದ್ದನ್ನು ರಘುಪತಿ ಕನ್ನಡಕ್ಕೆ ತಿರುಗಿಸಿದ.

“ನಾನೇ. ವಾಪಸ್ ಇಡೋನಿದ್ದೆ. ಸೋಮವಾರ.”

“ಕೇಳಬಹುದಿತ್ತಲ್ಲ?”

“ಚೀಟಿ ತಿದ್ದಿ ಅಂತ ಬರೆದೆ. ಯಾರೂ ಓದಲಿಲ್ಲ. ನನ್ನ ಇಂಗ್ಲಿಷು ಫೈಲಿನದು, ಬಾಯಿಗೆ ಬರೋಲ್ಲ. ಬಾಯಲ್ಲಿ ಹೇಳಿದ್ರೆ ನಗ್ತಾರೆ ಅಂದ್ಕೊಂಡೆ.”

“ಎಪ್ಪತ್ತೆರಡು ಸೆಕೆಂಡು ಅಂತ ಹೇಗೆ ಗೊತ್ತಾಯ್ತು? ವಾಚು ನೋಡಿ ತಾನೇ?”

“ವಾಚು ನೋಡೀನೇ.”

“ಹಾಗಾದ್ರೆ ಮುಹೂರ್ತಾನೂ ವಾಚಲ್ಲೇ ನೋಡಬಹುದಿತ್ತು.”

ಸೂರ್ಯನಾರಾಯಣರು ತಮ್ಮ ಎಡ ಮಣಿಕಟ್ಟು ತಿರುಗಿಸಿದರು. ಅಲ್ಲಿ ಹಳೆಯ ಕೀಲಿ ಕೊಡುವ ಗಡಿಯಾರ. ಠಾಣೆಯಲ್ಲಿ ಬಿಚ್ಚಿಸಿಕೊಂಡು, ಆಮೇಲೆ ಟಟಲ್ ಅವರೇ ವಾಪಸ್ ಕೊಟ್ಟಿದ್ದರು.

“ಸೆಕೆಂಡನ್ನ ಯಾರೂ ಮುಟ್ಟೋಲ್ಲ ತಾಯಿ. ಗಂಟೆನ ಮುಟ್ತಾರೆ,” ಎಂದರು. ಆಮೇಲೆ ನಿಧಾನವಾಗಿ ಹೇಳಿದರು.

ತೊಂಬತ್ತಮೂರರ ಏಪ್ರಿಲ್ ನಾಲ್ಕು, ಭಾನುವಾರ. ಅಟ್ಲಾಂಟಾದ ಹತ್ತಿರ ಲಾರೆನ್ಸ್‌ವಿಲ್‌ನ ಒಂದು ಹಾಲಿನಲ್ಲಿ ಊರ್ಮಿಳಾಳ ಮೊದಲ ಮದುವೆ. ಹುಡುಗ ಶಶಾಂಕ್. ಇವರು ಅಮೆರಿಕಾಕ್ಕೆ ಬಂದು ಒಂಬತ್ತು ದಿನವಾಗಿತ್ತು. ಅಲ್ಲಿನ ಅಕ್ಷಾಂಶ ರೇಖಾಂಶ ಹಾಕಿ ರಾತ್ರಿಯೆಲ್ಲ ಲೆಕ್ಕ ಮಾಡಿ ಚೀಟಿಯಲ್ಲಿ ಬರೆದುಕೊಟ್ಟಿದ್ದರು: ಹತ್ತೂ ಹನ್ನೆರಡು. ಈ ದೇಶದಲ್ಲಿ ಏಪ್ರಿಲಿನ ಮೊದಲ ಭಾನುವಾರ ಗಡಿಯಾರಗಳನ್ನೆಲ್ಲ ಒಂದು ಗಂಟೆ ಮುಂದಕ್ಕೆ ತಿರುಗಿಸುತ್ತಾರೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಹಾಲಿನ ಗಡಿಯಾರ ಹತ್ತೂ ಹನ್ನೆರಡು ತೋರಿಸಿತು. ಗಟ್ಟಿಮೇಳ ಅಂದರು. ಇವರ ಕೈಗಡಿಯಾರದಲ್ಲಿ ಒಂಬತ್ತೂ ಹನ್ನೆರಡು.

“ಇನ್ನೂ ಒಂದು ಗಂಟೆ ಇದೆ, ನಿಲ್ಲಿ ಅಂದೆ. ಗಂಡಿನ ಕಡೆಯೋರು ನಕ್ಕರು. ಅಂಕಲ್, ನಿಮ್ಮ ವಾಚು ಇನ್ನೂ ಇಂಡಿಯಾದಲ್ಲೇ ಇದೆ ಅಂದ ಒಬ್ಬ. ಎಲ್ಲರೂ ನಕ್ಕರು. ನಾನೂ ನಕ್ಕೆ. ನಕ್ಕು, ಮುಳ್ಳು ತಿರುಗಿಸಿ ಹತ್ತೂ ಹನ್ನೆರಡಕ್ಕೆ ಇಟ್ಟೆ. ಅಕ್ಷತೆ ಹಾಕಿದೆ.”

ಎಂಟು ತಿಂಗಳಿಗೆ ಶಶಾಂಕನ ಕಾರು ಹೈವೇಯಲ್ಲಿ ಟ್ರಕ್ಕಿನ ಅಡಿಗೆ ಹೋಯಿತು.

“ಮುಹೂರ್ತ ತಪ್ಪಿದ್ದಕ್ಕೇ ಹಾಗಾಯ್ತು ಅಂತೀರಾ?” ರಘುಪತಿ ಕೇಳಿದ. ಇದು ಟಟಲ್ ಹೇಳಿಕೊಟ್ಟ ಪ್ರಶ್ನೆಯಲ್ಲ.

“ಗೊತ್ತಿಲ್ಲಪ್ಪ. ಅದು ನಿಜ ಅಂತ ಹೇಳೋಷ್ಟು ದಡ್ಡ ಅಲ್ಲ. ಸುಳ್ಳು ಅಂತ ಹೇಳೋಷ್ಟು ಧೈರ್ಯಾನೂ ಇಲ್ಲ. ಇನ್ನೊಂದು ಮದುವೆ ಮಾಡ್ಕೋ ಅಂತ ಅವಳ ಕಾಲು ಕಟ್ಟಿದವನು ನಾನೇ. ಈ ಸಲ ಮೈ ಮರೀಬಾರದು ಅಂತಷ್ಟೇ.”

ಅವರು ಗಡಿಯಾರ ನೋಡಿಕೊಳ್ಳಲಿಲ್ಲ. ಗೋಡೆಯ ಮೇಲೂ ಗಡಿಯಾರವಿರಲಿಲ್ಲ. ರಘುಪತಿಯನ್ನು ಕೇಳಿದರು: “ಈಗ ಎಷ್ಟಾಯ್ತಪ್ಪ?”

“ಹನ್ನೊಂದೂ ಹನ್ನೊಂದು.”

ಅವರು ಕುರ್ಚಿಯಿಂದ ಎದ್ದರು. ಟಟಲ್ ತಡೆಯಲಿಲ್ಲ. ಮನೆ ಯಾವ ದಿಕ್ಕಿಗೆ ಎಂದು ಕೇಳಿ, ರಘುಪತಿ ಕೈ ತೋರಿಸಿದ ಕಡೆಯ ಬೋಳು ಗೋಡೆಗೆ ಮುಖ ಮಾಡಿ ಕೈ ಜೋಡಿಸಿ ನಿಂತರು. ಒಂದು ನಿಮಿಷ ಕಳೆಯಿತು, ಎರಡು ಕಳೆಯಿತು. ಮೇಜಿನ ಮೇಲಿನ ಫೋನು ಹೊಡೆದುಕೊಂಡಿತು. ಟಟಲ್ ಎತ್ತಿ, ಕೇಳಿ, ರಘುಪತಿಗೆ ಕೊಟ್ಟರು. ಆ ಕಡೆ ತ್ಯಾಗರಾಜ ಓಲಗದ ಕ್ಯಾಸೆಟ್ಟಿನ ಸದ್ದಿನ ಮೇಲೆ ಕಿರುಚುತ್ತಿದ್ದರು.

“ಆಯ್ತು ಸಾರ್! ಮದುಮಗಳೇ ಹನ್ನೆರಡು ಗಳಿಗೆ ಅಂತ ಕೂಗಿದ್ಲು ಸಾರ್, ಆಗ ಕಟ್ಟಿದ್ರು! ಅಂಕಲ್‌ಗೆ ಹೇಳಿ!”

ರಘುಪತಿ ಹೇಳಿದ. ಮುದುಕರು ತಲೆಯಾಡಿಸಿ ಮತ್ತೆ ಬಂದು ಕೂತರು.

ಹನ್ನೆರಡೂ ಮುಕ್ಕಾಲಿಗೆ ಅವರನ್ನು ಸ್ವಂತ ಮುಚ್ಚಳಿಕೆಯ ಮೇಲೆ ಬಿಟ್ಟರು. ಕೋರ್ಟಿಗೆ ಮೇ ಇಪ್ಪತ್ತರಂದು ಹಾಜರಾಗಬೇಕು. ಚಿಯೋ ದೂರು ವಾಪಸ್ ಪಡೆಯಲಿಲ್ಲ. ಶಿಕ್ಷೆ ಬೇಡ, ಆದರೆ ಆದದ್ದು ದಾಖಲೆಯಲ್ಲಿರಲಿ ಎಂದು ಸರ್ಕಾರಿ ವಕೀಲರಿಗೆ ಪತ್ರ ಬರೆದರು.

ಆ ಸಂಜೆ ಟಟಲ್ ವರದಿ ಟೈಪು ಮಾಡಿದರು. ‘ಉದ್ದೇಶ’ ಎಂಬ ಖಾನೆಯ ಹತ್ತಿರ ನಿಂತರು. ಲಾಭ, ದ್ವೇಷ, ಇತರೆ ಎಂದು ಮೂರು ಚೌಕವಿತ್ತು. ಅವರು ಮೂರನೆಯದಕ್ಕೆ ಗುರುತು ಹಾಕಿ, ಪಕ್ಕದಲ್ಲಿ ಬರೆಯಲು, ಮುದುಕರು ಏನು ಹೇಳಿದ್ದರು ಎಂದು ರಘುಪತಿಯನ್ನು ಕೇಳಿದರು. ಹೇಳಿಕೆಯ ಕೊನೆಗೆ, ಸಹಿ ಹಾಕುವ ಮೊದಲು, ಅಷ್ಟಕ್ಕೂ ಬಟ್ಟಲೇ ಯಾಕೆ ಬೇಕಿತ್ತು ಎಂದು ಕೇಳಿದ್ದಕ್ಕೆ ಮುದುಕರು ಕೊಟ್ಟ ಉತ್ತರ ಅದು. ರಘುಪತಿ ಮೊದಲು ಕನ್ನಡದಲ್ಲಿ ಓದಿದ, ಆಮೇಲೆ ಇಂಗ್ಲಿಷಿನಲ್ಲಿ ಹೇಳಲು ಎರಡು ಸಲ ಪ್ರಯತ್ನಪಟ್ಟ.

“ಅವತ್ತು ನನ್ನ ವಾಚು ಸರಿಯಾಗೇ ಇತ್ತು ಸ್ವಾಮಿ. ಜನ ನಕ್ಕರು ಅಂತ ನಾನು ತಿರುಗಿಸಿಬಿಟ್ಟೆ. ಬಟ್ಟಲಿಗೆ ನಾಚಿಕೆ ಇಲ್ಲ. ಯಾರು ನಕ್ಕರೂ ಅದು ತನ್ನ ಹೊತ್ತಿಗೇ ಮುಳುಗುತ್ತೆ.”